ಕಸ್ತೂರಿಯ ಗೋಡೆಯ ಮೇಲೆ ಎರಡು ಸಾಲು

ನಮ್ಮೂರಲ್ಲಿ ಆಟ ಕಟ್ಟುವವರ ಮನೆ ಯಾವುದೆಂದು ಯಾರನ್ನೂ ಕೇಳಬೇಕಾಗಿಲ್ಲ. ಬೀದಿಗೆ ಮುಖ ಮಾಡಿದ ಗೋಡೆಗೆ ಹೊಸ ಸುಣ್ಣ ಬಳಿದಿರುತ್ತದೆ, ಬುಡದಲ್ಲಿ ಒಂದು ಬಕೆಟ್ ನೀರು ಇರುತ್ತದೆ, ಮೊಳೆಗೆ ಒಂದು ಹಳೆಯ ಬಟ್ಟೆ ಜೋತುಬಿದ್ದಿರುತ್ತದೆ. ಆಟ ಎಂದರೆ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಬ್ರೌಸರ್ ತೆರೆದರೆ ಸಿಗುವಂಥವು. ಬೀಗ ಬಿದ್ದ ಕೋಣೆ, ಎಲ್ಲೋ ಅಡಗಿಸಿಟ್ಟ ಕೀಲಿ, ದಾಟಬೇಕಾದ ಹೊಳೆ, ಬಿಡಿಸಬೇಕಾದ ಒಗಟು. ಆಡಿ ಮುಗಿಸಿದವರೂ ಮುಗಿಸಲಾಗದೆ ಕೈಬಿಟ್ಟವರೂ ಆಟದ ಕೆಳಗಿನ ಖಾನೆಯಲ್ಲಿ ತಮಗನಿಸಿದ್ದನ್ನು ಬರೆಯುತ್ತಾರೆ. ಬೆಳಗಾಗುವುದರೊಳಗೆ ಅದು ಆಟ ಕಟ್ಟಿದವರ ಗೋಡೆಯ ಮೇಲೆ ಬಂದಿರುತ್ತದೆ. ಬೆರಳಲ್ಲಿ ಒತ್ತಿ ಬರೆದದ್ದೇ ಆದರೂ ಗೋಡೆಯ ಮೇಲೆ ಮೂಡುವುದು ಬರೆದವರ ಸ್ವಂತ ಕೈಬರಹ. ಹೆಸರು ಹಾಕಿದರೂ ಅಷ್ಟೇ, ಹಾಕದಿದ್ದರೂ ಅಷ್ಟೇ.

ಹೊಗಳಿದ್ದು ಎರಡು ದಿನಕ್ಕೆ ತಾನಾಗಿ ಮಾಸುತ್ತದೆ. ಮೂರನೇ ಕೋಣೆಯಲ್ಲಿ ದೀಪ ಹತ್ತುತ್ತಿಲ್ಲ, ಫೋನಿನಲ್ಲಿ ಬಾಣದ ಗುರುತು ತೀರ ಚಿಕ್ಕದಾಯಿತು, ಅರ್ಧಕ್ಕೆ ಬಿಟ್ಟು ಬಂದರೆ ಮತ್ತೆ ಮೊದಲಿನಿಂದ ಆಡಬೇಕಾಗುತ್ತದೆ ಎಂಬಂಥ ದೂರುಗಳು, ಆಟ ಕಟ್ಟಿದವರು ಅದನ್ನು ಸರಿಮಾಡಿದ ದಿನ ಹೋಗುತ್ತವೆ. ಆದರೆ ಮನಸ್ಸು ನೋಯಿಸಲೆಂದೇ ಬರೆದದ್ದು ಹೋಗುವುದಿಲ್ಲ. ಮೇಲೆ ಸುಣ್ಣ ಬಳಿದರೆ ಮರುದಿನ ಸುಣ್ಣದ ಮೇಲೆ ಬರುತ್ತದೆ. ಅದನ್ನು ಬರೆದವರೇ ಬಂದು, ತಮ್ಮ ಕೈಯಿಂದಲೇ ಒರೆಸಬೇಕು. ಬಕೆಟ್ಟೂ ಬಟ್ಟೆಯೂ ಅದಕ್ಕೇ. ಯಾರಾದರೂ ಒರೆಸುತ್ತಿದ್ದರೆ ದಾರಿಹೋಕರು ನೆಲ ನೋಡಿಕೊಂಡು ಹೋಗಬೇಕು, ಅದು ನಮ್ಮೂರ ರೀತಿ. ಗೋಡೆ ಸ್ವಚ್ಛವಾದದ್ದನ್ನು ಆಮೇಲೆ ನೋಡಬಹುದು, ಯಾರು ಒರೆಸಿದರೆಂದು ನೋಡುವಂತಿಲ್ಲ, ಕೇಳುವಂತಿಲ್ಲ. ಮನುಷ್ಯರೆಂದ ಮೇಲೆ ನಾಲಗೆ ಜಾರುತ್ತದೆ, ಹಾಗೆಂದು ಊರು ಬಿಡಲಾಗುತ್ತದೆಯೇ? ಹಾಗಾಗಿ ನಮ್ಮವರು ಬರೆಯುವ ಮುಂಚೆ ಒಂದು ಲೋಟ ನೀರು ಕುಡಿಯುತ್ತಾರೆ. ಕಿರಾಣಿ ಅಂಗಡಿಯ ಬಾಳಪ್ಪ ತನ್ನ ಅಕ್ಷರ ಕೋಳಿ ಕೆದರಿದ ಹಾಗಿದೆಯೆಂಬ ನಾಚಿಕೆಗೆ ಯಾವ ಆಟಕ್ಕಾದರೂ ‘ಚೊಲೊ ಐತಿ’ ಎಂದಷ್ಟೇ ಬರೆದು ಕೈ ತೊಳೆದುಕೊಳ್ಳುತ್ತಾನೆ.

ಆ ಅಕ್ಷರ ಕೆಡಲು ನಾನು ಕಾರಣಳಲ್ಲ. ಬಾಳಪ್ಪ ನನ್ನ ಕೈಕೆಳಗೆ ಕಲಿತವನಲ್ಲ. ನಾನು ನೀಲಾಂಬಿಕಾ, ಊರಿಗೆಲ್ಲ ಅಕ್ಕೋರು, ಮೂವತ್ತೊಂದು ವರ್ಷ ಇಲ್ಲಿಯ ಶಾಲೆಯಲ್ಲಿ ಶುದ್ಧಬರಹ ಕಲಿಸಿದವಳು. ನನ್ನ ವಿದ್ಯಾರ್ಥಿಗಳ ಬರಹವನ್ನೂ ನನ್ನ ಬರಹವನ್ನೂ ಪಕ್ಕಪಕ್ಕ ಇಟ್ಟರೆ ಯಾರದ್ದು ಯಾವುದೆಂದು ತಿಳಿಯಬಾರದು, ಅದು ನನ್ನ ಹಟ. ಊರಲ್ಲಿ ನಲವತ್ತು ಮಂದಿಯಾದರೂ ನನ್ನ ಅಕ್ಷರದಲ್ಲೇ ಬರೆಯುತ್ತಾರೆ. ಗೋಡೆಗಳ ಮುಂದೆ ಹಾಯುವಾಗ ಹೊಗಳಿಕೆಯಲ್ಲೂ ದೂರಿನಲ್ಲೂ ನನ್ನದೇ ದುಂಡಗಿನ ಅಕ್ಷರ ಕಂಡು ನಾನು ಬೀಗಿದ್ದಿದೆ. ಈಗ ಹೇಳಲು ಹೊರಟಿರುವುದು ಹೆಮ್ಮೆಯ ಮಾತಲ್ಲ. ಹೇಳದೆ ಇದ್ದುಬಿಡಬಹುದಿತ್ತು, ಆದರೆ ಹೇಳದೆ ಇದ್ದದ್ದೇ ನನ್ನ ದೊಡ್ಡ ತಪ್ಪು.

ಅಡಿವೆಪ್ಪ ನನ್ನ ಶಿಷ್ಯರಲ್ಲೆಲ್ಲ ಮೇಲು. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಉಳಿದವರ ಅಕ್ಷರ ಸಂಸಾರ, ಅವಸರ ಎಂದು ಸ್ವಲ್ಪಸ್ವಲ್ಪ ಸೊಟ್ಟಗಾಗಿರಬಹುದು, ಅವನದು ಮಾತ್ರ ನನ್ನದರ ಪಡಿಯಚ್ಚು. ಅದೇ ತರಗತಿಯಲ್ಲಿ ಕಸ್ತೂರಿಯೂ ಇದ್ದಳು. ಅವಳ ಅಕ್ಷರ ಒಂದು ಗೆರೆಯ ಮೇಲಿದ್ದರೆ ಇನ್ನೊಂದು ಗೆರೆಯ ಕೆಳಗಿರುತ್ತಿತ್ತು. ಮೂರು ವರ್ಷ ಗುದ್ದಾಡಿದೆ, ಬೆಂಚಿನ ಮೇಲೂ ನಿಲ್ಲಿಸಿದೆ, ನನ್ನ ಅಚ್ಚಿಗೆ ಬೀಳದೆ ಹೋದವಳು ಅವಳೊಬ್ಬಳೇ. ಈಗ ಅವಳಿಗೆ ಮೂವತ್ತೆರಡು, ಅಪ್ಪನ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು, ಅದಕ್ಕೆ ಹಿಟ್ಟು ಬೀಳದ ಹಾಗೆ ಹಳೆಯ ಸೀರೆ ಹೊದಿಸಿ, ಬಿಡುವಾದಾಗ ಆಟ ಕಟ್ಟುತ್ತಾಳೆ. ಒಗಟು ಅವಳದು, ಚಿತ್ರ ಅಡಿವೆಪ್ಪನದು. ಇಬ್ಬರೂ ಸೇರಿ ಏಳು ಆಟ ಕಟ್ಟಿದ್ದರು. ಊರಿನವರು ಮದುವೆ ಯಾವಾಗ ಎಂದು ಕೇಳಿದರೆ ಅವರಿಬ್ಬರೂ ಮುಂದಿನ ಆಟದ ಹೆಸರು ಹೇಳಿ ನಗುತ್ತಿದ್ದರು.

ಆ ಆಟಗಳ ಬಗ್ಗೆ ನಾನು ಆಡದ ಕುಹಕವಿಲ್ಲ. ಅಕ್ಷರ ಬಾರದವರ ಕೆಲಸ, ಬೆರಳು ಸವೆಸುವ ಚಟ ಎಂದು ಬೀದಿಯಲ್ಲಿ ನಿಂತು ಹೇಳುತ್ತಿದ್ದೆ. ಹಾಗೆ ಹೇಳುತ್ತಲೇ, ತಂಗಿಯ ಮಗಳು ಬಿಟ್ಟುಹೋದ ಟ್ಯಾಬಿನಲ್ಲಿ, ಮಧ್ಯಾಹ್ನ ಬಾಗಿಲು ಹಾಕಿಕೊಂಡು ಆಡುತ್ತಿದ್ದೆ. ಏಳೂ ಆಡಿದ್ದೇನೆ. ಏಳನೆಯದರ ಹೆಸರು ‘ಐದು ಬಾಗಿಲು’. ಅಡುಗೆಮನೆಯ ಬಾಗಿಲು, ಹಿತ್ತಲ ಬಾಗಿಲು, ಗಿರಣಿಯ ಬಾಗಿಲು ಮೂರನ್ನೂ ಒಂದೇ ಮಧ್ಯಾಹ್ನ ತೆರೆದೆ. ನಾಲ್ಕನೆಯದು ಶಾಲೆಯ ಕೋಣೆ. ಕಪ್ಪುಹಲಗೆಯ ಮೇಲೆ ಚುಕ್ಕಿ ಇಟ್ಟು ಬರೆದ ಒಂದು ದೊಡ್ಡ ಅಕ್ಷರ, ಪಕ್ಕದಲ್ಲಿ ಸೀಮೆಸುಣ್ಣ. ನೋಡಿದ ಕೂಡಲೇ ನಗು ಬಂತು, ಇದು ನನಗೆಂದೇ ಮಾಡಿಟ್ಟ ಬಾಗಿಲು ಎಂದುಕೊಂಡೆ. ಬೆರಳಲ್ಲಿ ಚೆಂದಾಗಿ ತಿದ್ದಿದೆ. ಬಾಗಿಲು ತೆರೆಯಲಿಲ್ಲ. ಇನ್ನೂ ಚೆಂದಾಗಿ ತಿದ್ದಿದೆ. ನಿಧಾನವಾಗಿ ತಿದ್ದಿದೆ, ಕೈ ಎತ್ತದೆ ತಿದ್ದಿದೆ, ಸ್ನಾನ ಮಾಡಿ ಬಂದು ತಿದ್ದಿದೆ. ಹನ್ನೊಂದು ದಿನ.

ಹನ್ನೊಂದನೆಯ ದಿನ ಸಕ್ಕರೆ ತರಲು ಹೋದಾಗ ಬಾಳಪ್ಪ ಯಾರಿಗೋ ಹೇಳುತ್ತಿದ್ದ, ಶಾಲೆಯ ಕೋಣೆ ತನಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ, ಐದನೆಯ ಬಾಗಿಲೇ ಕಠಿಣ ಎಂದು. ಕೋಳಿ ಕೆದರಿದ ಅಕ್ಷರದ ಬಾಳಪ್ಪ! ಸಕ್ಕರೆ ಮರೆತು ಮನೆಗೆ ಬಂದೆ. ಮೈಯೆಲ್ಲ ಉರಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಅದನ್ನೇ ಮಾಡಿದೆ. ಆಟದ ಕೆಳಗಿನ ಖಾನೆಯಲ್ಲಿ ಹೆಸರು ಹಾಕದೆ ಎರಡು ಸಾಲು ಬರೆದೆ. ‘ತಲೆಬುಡವಿಲ್ಲದ ಆಟ. ಎರಡು ಗೆರೆಯ ನಡುವೆ ಒಂದಕ್ಷರ ಕೂರಿಸಲು ಬಾರದವಳು ಬಾಗಿಲು ಕಟ್ಟಿದರೆ ತೆರೆಯುವುದಾದರೂ ಹೇಗೆ?’

ಸಿಟ್ಟಿನಲ್ಲಿ ಗೋಡೆಯ ನೆನಪಾಗಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ಅದು ಸುಳ್ಳು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ನಾನು ಗೋಡೆಯನ್ನೇ ನೆನೆದೆ. ನಲವತ್ತು ಮಂದಿ ಹೀಗೇ ಬರೆಯುತ್ತಾರಲ್ಲ, ಯಾರದೆಂದು ಯಾರಿಗೆ ತಿಳಿಯುತ್ತದೆ ಎಂದು ಲೆಕ್ಕ ಹಾಕಿ, ಆಮೇಲೆ ಒತ್ತಿದೆ. ಮಕ್ಕಳಿಗೆ ಅಕ್ಷರ ಕಲಿಸಿದವಳು ಅದೇ ಮಕ್ಕಳ ಬೆನ್ನ ಹಿಂದೆ ಅಡಗಿ ಕೂತೆ.

ಮರುದಿನ ಗಿರಣಿಯ ಗೋಡೆಯ ಮೇಲೆ ಆ ಎರಡು ಸಾಲು ಮೊಳದುದ್ದ ಬಂದಿದ್ದವು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನಗನಿಸಿದ್ದು ಎಷ್ಟು ಚೆಂದ ಬಂದಿದೆಯಲ್ಲ ಎಂದು. ಗಿರಣಿಗೆ ಬಂದವರೆಲ್ಲ ಡಬ್ಬಿ ಹಿಡಿದು ಓದುತ್ತಿದ್ದರು. ಕಸ್ತೂರಿಯ ಅಕ್ಷರದ ಕಥೆ ಗೊತ್ತಿರಬೇಕಾದರೆ ಅವಳ ಜೊತೆ ಕಲಿತವರೇ ಆಗಿರಬೇಕು, ಅಕ್ಷರ ಇಷ್ಟು ದುಂಡಗೆ ಇರಬೇಕಾದರೆ ಇನ್ಯಾರು ಎಂದು ಮಾತು ಸಂಜೆಯೊಳಗೆ ಅಡಿವೆಪ್ಪನ ಕಡೆ ಹೊರಳಿತು. ಇಬ್ಬರಲ್ಲಿ ಒಬ್ಬರಿಗೆ ಹೆಸರು ಬಂದರೆ ಇನ್ನೊಬ್ಬರಿಗೆ ಹೊಟ್ಟೆಯುರಿ ಸಹಜವೇ ಎಂದರು. ಆಟ ಆಡುವವಳೇ ಅಲ್ಲವೆಂದು ನಾನು ಊರಿಗೆಲ್ಲ ಸಾರಿದ್ದೆನಲ್ಲ, ನನ್ನ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ಕಸ್ತೂರಿ ಮೂರು ದಿನ ಕಾದಳು. ನಾಲ್ಕನೆಯ ದಿನ ಅಡಿವೆಪ್ಪನನ್ನು ಕರೆಸಿ, ನೀನು ಬರೆದಿದ್ದರೆ ಒರೆಸಿ ಹೋಗು, ನಾನು ಮರೆತುಬಿಡುತ್ತೇನೆ, ಬರೆದಿಲ್ಲವಾದರೆ ಒಂದು ಸಲ ಬಟ್ಟೆ ಇಟ್ಟು ತೋರಿಸು ಎಂದಳಂತೆ. ಅವನು ಗೋಡೆಯ ಮುಂದೆ ಬಹಳ ಹೊತ್ತು ನಿಂತಿದ್ದು, ತಾನು ಬರೆದಿಲ್ಲ, ಆದರೆ ಒರೆಸಲು ಕೈ ಹಚ್ಚುವುದಿಲ್ಲ ಎಂದು ಹೇಳಿ ಹೊರಟುಹೋದ. ಅದನ್ನು ಅವಳು ಸೊಕ್ಕು ಎಂದುಕೊಂಡಳು. ಊರು ತಪ್ಪೊಪ್ಪಿಗೆ ಎಂದುಕೊಂಡಿತು. ಅಂದೇ ‘ಐದು ಬಾಗಿಲು’ ಮುಚ್ಚಿತು. ತೆರೆದರೆ ಖಾಲಿ ಪುಟ. ಎಂಟನೆಯ ಆಟಕ್ಕೆಂದು ಅವನು ಬರೆದುಕೊಟ್ಟಿದ್ದ ಚಿತ್ರಗಳನ್ನು ಅವಳು ಸುತ್ತಿ ವಾಪಸು ಕಳಿಸಿದಳು.

ಇಷ್ಟಕ್ಕೆ ನಿಂತಿದ್ದರೂ ನಾನು ಹೇಗೋ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆನೇನೋ. ಆದರೆ ಬಾಳಪ್ಪ ಮನೆಗೆ ಬಂದ. ಒರೆಸುವವರನ್ನು ನೋಡಬಾರದು ನಿಜ, ಒರೆಸದೇ ಇರುವವರನ್ನು ಏನು ಮಾಡುವುದು, ಅಕ್ಷರದ ವಿಷಯದಲ್ಲಿ ನಿಮಗಿಂತ ತಿಳಿದವರು ಯಾರಿದ್ದಾರೆ, ಬಂದು ನೋಡಿ ಹೇಳಿ ಎಂದು ಕರೆದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗಾಗಬಾರದೆಂದು, ಕನ್ನಡಕ ಒರೆಸಿಕೊಂಡು ಹೊರಟೆ. ಹತ್ತು ಹದಿನೈದು ಜನ ಸೇರಿದ್ದರು. ಕಸ್ತೂರಿ ಗಿರಣಿಯ ಬಾಗಿಲಲ್ಲಿ ನಿಂತಿದ್ದಳು, ಅಡಿವೆಪ್ಪ ಎದುರು ಬದಿಯ ಕಟ್ಟೆಯ ಮೇಲೆ ಕೂತಿದ್ದ. ನಾನು ನನ್ನದೇ ಅಕ್ಷರದ ಮುಂದೆ ನಿಂತು, ಬಗ್ಗಿ, ಕತ್ತು ಓರೆ ಮಾಡಿ, ಪರೀಕ್ಷೆ ಮಾಡಿದವಳ ಹಾಗೆ ನಟಿಸಿದೆ. ನಲವತ್ತು ಮಂದಿಗೆ ಇದೇ ಅಕ್ಷರ ಕಲಿಸಿದ್ದೇನೆ, ಇಂಥವರದೇ ಎಂದು ಹೇಗೆ ಹೇಳಲಿ ಎಂದೆ. ಅಲ್ಲಿಗೆ ಬಿಡಬೇಕಿತ್ತು. ಬಾಳಪ್ಪ ಬಿಡಲಿಲ್ಲ.

“ಅಡಿವೆಪ್ಪಂದು ಇರಬಹುದೇನ್ರಿ ಅಕ್ಕೋರ?”

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅಲ್ಲ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ಗೊತ್ತಿಲ್ಲ ಎಂದರೆ ನನ್ನ ವಿದ್ಯೆಗೆ ಕುಂದು. “ಇರಬಹುದು,” ಎಂದೆ. ಅಡಿವೆಪ್ಪ ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಎದ್ದು ಅಂಗಿಯ ಹಿಂಭಾಗದ ಧೂಳು ಕೊಡವಿಕೊಂಡು ಹೋದ. ಕಸ್ತೂರಿ ಒಳಗೆ ಹೋಗಿ ಗಿರಣಿ ಶುರು ಮಾಡಿದಳು.

ಮುಂದಿನ ಎರಡು ವಾರ ನಾನು ಬೀದಿ ಬಳಸಿ ಓಡಾಡಿದೆ. ಬೋರ್ಡು ಬರೆಸಬೇಕಾದವರು ಅಡಿವೆಪ್ಪನ ಅಂಗಡಿ ದಾಟಿ ಮುಂದೆ ಹೋಗತೊಡಗಿದರು. ಜೊತೆಗೆ ಕೆಲಸ ಮಾಡಿದವಳ ಬೆನ್ನಿಗೆ ಚೂರಿ ಹಾಕಿದವನ ಕೈಯಲ್ಲಿ ತಮ್ಮ ಅಂಗಡಿಯ ಹೆಸರು ಬರೆಸಲು ಯಾರಿಗೆ ಮನಸ್ಸಾಗುತ್ತದೆ? ಕಸ್ತೂರಿ ಕಂಪ್ಯೂಟರಿನ ಮೇಲಿನ ಸೀರೆ ತೆಗೆಯಲೇ ಇಲ್ಲ ಎಂದು ಗಿರಣಿಗೆ ಹೋದವರು ಹೇಳಿದರು. ಒಂದು ಮಧ್ಯಾಹ್ನ ಬಾಳಪ್ಪನ ಹೆಂಡತಿ, ಅಡಿವೆಪ್ಪ ಅಂಗಡಿ ಖಾಲಿ ಮಾಡುತ್ತಿದ್ದಾನೆ, ನಾಲ್ಕು ಗಂಟೆಯ ಬಸ್ಸಿಗೆ ಅಕ್ಕನ ಊರಿಗೆ ಹೋಗುತ್ತಾನಂತೆ, ಇನ್ನು ಬರುವುದಿಲ್ಲವಂತೆ ಎಂದಳು. ನನ್ನ ಕೈಯಲ್ಲಿದ್ದ ತಟ್ಟೆಯನ್ನು ಹಾಗೇ ಕೆಳಗಿಟ್ಟು ಹೊರಟೆ. ಏನು ಹೇಳಬೇಕೆಂದು ಮಾತ್ರ ತಿಳಿದಿರಲಿಲ್ಲ.

ಅವನು ಬ್ರಶ್ಶುಗಳನ್ನು ಟರ್ಪಂಟೈನಿನಲ್ಲಿ ತೊಳೆದು ಒಂದೊಂದನ್ನೇ ಕಾಗದದಲ್ಲಿ ಸುತ್ತುತ್ತಿದ್ದ. ನನ್ನನ್ನು ನೋಡಿ ಎದ್ದು ಸ್ಟೂಲು ಒರೆಸಿ ಕೊಟ್ಟ. ಯಾಕೆ ಹೋಗುತ್ತೀ, ಒಂದು ಸಲ ಬಟ್ಟೆ ಇಟ್ಟು ತೋರಿಸಿದ್ದರೆ ಮುಗಿಯುತ್ತಿತ್ತಲ್ಲ ಎಂದೆ. ಅಷ್ಟು ಧೈರ್ಯ ನನಗೆ! ಅವನು ಬ್ರಶ್ ಸುತ್ತುವುದು ನಿಲ್ಲಿಸಲಿಲ್ಲ.

“ಅಕ್ಕೋರ, ನಾ ಕೊಂಬು ಎಳಿಯೋಮುಂದ ಬ್ರಶ್ ಎತ್ತತೇನ್ರಿ. ಎತ್ತಲಿಲ್ಲಂದ್ರ ಬಣ್ಣ ಸೋರತೈತಿ. ಹದಿನೈದು ವರ್ಷದಾಗ ಕೈಗೆ ಅದ ರೂಢಿ ಆಗೇತಿ. ಗೋಡಿ ಮ್ಯಾಲಿನ ಬರಹದಾಗ ಎಲ್ಲೂ ಕೈ ಎತ್ತಿಲ್ಲ. ಹಂಗ ಬರಿಯಾವ್ರು ಈ ಊರಾಗ ಒಬ್ಬರ ಅದಾರ.”

ಮೊದಲ ದಿನವೇ ಗೊತ್ತಿತ್ತೇ ಎಂದು ಕೇಳಿದೆ. ಹೂಂ ಎಂದ.

“ನಾ ಒರಸಾಕ ಹ್ವಾದ್ರ ಅದು ಅಳಿಯೂದಿಲ್ರಿ. ಅಳೀಲಿಲ್ಲಂದ್ರ ನಂದಲ್ಲಂತ ಎಲ್ಲಾರಿಗೂ ತಿಳೀತೈತಿ. ಆಮ್ಯಾಲ ಮತ್ತ್ಯಾರದು ಅಂತ ಹುಡಕತಾರ. ಅದಕ್ಕ ಕೈ ಹಚ್ಚಲಿಲ್ಲ. ನಾ ನಿಮ್ಮ ಅಕ್ಷರದಾಗ ಊಟಾ ಮಾಡತೇನ್ರಿ ಅಕ್ಕೋರ.”

ನಾನು ‘ಇರಬಹುದು’ ಎಂದದ್ದನ್ನು ಅವನು ಎತ್ತಲೇ ಇಲ್ಲ. ಎತ್ತಿ ಬೈದಿದ್ದರೆ, ಮುಖಕ್ಕೆ ಬಣ್ಣ ಎರಚಿದ್ದರೆ ನನಗೆ ಸುಲಭವಾಗುತ್ತಿತ್ತು. ಅವನು ಚಹಾ ತರಿಸಲೇ ಎಂದು ಕೇಳಿದ. ಅರವತ್ತೆರಡು ವರ್ಷಕ್ಕೆ ನಾನು ಅಷ್ಟು ಚಿಕ್ಕವಳಾದದ್ದು ಅದೇ ಮೊದಲು. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಇಲ್ಲೇ ಇರು ಎಂದು ಹೇಳಿ ನೇರ ಗಿರಣಿಯ ಬೀದಿಗೆ ನಡೆದೆ.

ಗಿರಣಿಯ ಮುಂದೆ ಮಧ್ಯಾಹ್ನದ ಗಿರಾಕಿಗಳು ಡಬ್ಬಿ ಸಾಲು ಇಟ್ಟುಕೊಂಡು ನಿಂತಿದ್ದರು. ನಾನು ಮೊಳೆಯಿಂದ ಬಟ್ಟೆ ತೆಗೆದೆ. ಅಷ್ಟೇ, ಬೀದಿಗೆ ಬೀದಿಯೇ ತಲೆ ತಗ್ಗಿಸಿತು. ಪಕ್ಕದ ತನ್ನ ಅಂಗಡಿಯಲ್ಲಿದ್ದ ಬಾಳಪ್ಪ ತಕ್ಕಡಿಯ ಕಡೆ ತಿರುಗಿಕೊಂಡ. ಯಾರು ಬಟ್ಟೆ ತೆಗೆದರೆಂದು ನೋಡಿದವರು ಒಬ್ಬಿಬ್ಬರಿರಬಹುದು, ಅವರೂ ನೋಡಿಲ್ಲ ಎಂದೇ ಅಂದುಕೊಳ್ಳುವವರು. ಬಟ್ಟೆ ಅದ್ದಿ ಹಿಂಡಿ ಮೊದಲ ಸಾಲಿನ ಮೇಲೆ ಎಳೆದೆ. ‘ತಲೆಬುಡವಿಲ್ಲದ ಆಟ’ ಎಂಬುದು ಒಂದೇ ಎಳೆತಕ್ಕೆ ಹೋಯಿತು, ಸುಣ್ಣ ಮಾತ್ರ ಉಳಿಯಿತು. ಆಗ ಇನ್ನೊಂದು ಯೋಚನೆ ಬಂತು. ಅದನ್ನೂ ಹೇಳಿಬಿಡುತ್ತೇನೆ. ಎರಡನೆಯ ಸಾಲನ್ನೂ ಒರೆಸಿ, ಬಟ್ಟೆ ಜೋತುಹಾಕಿ ಸುಮ್ಮನೆ ಹೊರಟರೆ ಯಾರೂ ಕೇಳುವುದಿಲ್ಲ. ಗೋಡೆ ಸ್ವಚ್ಛವಾಗಿರುತ್ತದೆ. ಅಡಿವೆಪ್ಪನೇ ಊರು ಬಿಡುವ ಮುಂಚೆ ಬಂದು ಒರೆಸಿದ ಎಂದು ತಿಳಿದುಕೊಳ್ಳುತ್ತಾರೆ, ಅವನನ್ನು ಕ್ಷಮಿಸಿಯೂ ಬಿಡುತ್ತಾರೆ. ಮಾಡದ ತಪ್ಪಿಗೆ ಕ್ಷಮೆ! ನನ್ನ ಕೈ ಎರಡನೆಯ ಸಾಲಿನ ಹತ್ತಿರ ಹೋಗಿ ಅಲ್ಲೇ ನಿಂತಿತು. ಎಷ್ಟು ಹೊತ್ತು ನಿಂತಿತೋ, ಬಟ್ಟೆಯ ನೀರು ಮೊಣಕೈವರೆಗೆ ಇಳಿದಿತ್ತು.

“ಬಾಳಪ್ಪ, ಈ ಕಡೆ ತಿರುಗು,” ಎಂದೆ.

“ನೋಡಬಾರದ್ರಿ ಅಕ್ಕೋರ,” ಎಂದ ಅವನು ತಕ್ಕಡಿಗೇ.

“ನೋಡು ಅಂತ ನಾನ ಹೇಳಾಕತ್ತೇನಿ. ಎಲ್ಲಾರೂ ತಲಿ ಎತ್ರಿ. ಇನ್ನೊಂದು ಸಾಲು ಉಳದೈತಿ, ಯಾರ ಕೈಯಾಗ ಅಳೀತೈತಿ ನೋಡ್ರಿ. ಇದನ್ನ ಬರದಾಕಿ ನಾನು. ಅಡಿವೆಪ್ಪಂದು ಇರಬಹುದು ಅಂದದ್ದು ಸುಳ್ಳು. ಅಂವಂದಲ್ಲ ಅಂತ ಗೊತ್ತಿದ್ದೂ ಹಂಗ ಅಂದೆ.”

ಒಬ್ಬೊಬ್ಬರೇ ತಲೆ ಎತ್ತಿದರು. ಅವರ ಎದುರಿಗೆ ಎರಡನೆಯ ಸಾಲನ್ನು ಅಕ್ಷರ ಅಕ್ಷರವಾಗಿ ಒರೆಸಿದೆ. ನನ್ನ ಹತ್ತಿರ ಕಲಿತ ಒಬ್ಬ ಹೆಂಗಸು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಳಪ್ಪ ಅಂಗಡಿಯನ್ನು ಹಾಗೇ ಬಿಟ್ಟು, ಅವನು ಬಸ್ಸು ಹತ್ತದ ಹಾಗೆ ತಡೆಯುತ್ತೇನೆ ಎಂದು ಅಡಿವೆಪ್ಪನ ಅಂಗಡಿಯ ಕಡೆ ಓಡುನಡಿಗೆಯಲ್ಲಿ ಹೋದ.

ಒಳಗೆ ಗಿರಣಿ ನಿಂತಿತು. ಕಸ್ತೂರಿ ಹೊರಗೆ ಬಂದಳು. ಹುಬ್ಬಿನ ಮೇಲೆಲ್ಲ ಹಿಟ್ಟು. ಎಲ್ಲ ಕೇಳಿಸಿಕೊಂಡಿದ್ದಳು. ಬರಿದಾದ ಗೋಡೆಯನ್ನು ನೋಡಿದಳು, ನನ್ನ ಕೈಯಲ್ಲಿದ್ದ ಬಟ್ಟೆಯನ್ನು ಇಸಿದುಕೊಂಡು ತಾನೇ ಹಿಂಡಿದಳು. ಬೈಯುತ್ತಾಳೆ ಎಂದು ಕಾದೆ. ಆಟ ಕಟ್ಟುವವರೆಲ್ಲ ದೂರು ಹೊತ್ತು ಬಂದವರನ್ನು ಮೊದಲು ಕೇಳುವುದನ್ನೇ ಅವಳೂ ಕೇಳಿದಳು.

“ಎಲ್ಲಿ ಸಿಕ್ಕೊಂಡಿದ್ರಿ ಅಕ್ಕೋರ?”

ನಾಲ್ಕನೆಯ ಬಾಗಿಲು ಎಂದೆ. ಶಾಲೆಯ ಕೋಣೆ, ಹನ್ನೊಂದು ದಿನ ಹಲಗೆಯ ಮೇಲಿನ ಅಕ್ಷರ ತಿದ್ದಿದೆ, ಅದಕ್ಕಿಂತ ಚೆಂದ ತಿದ್ದಲು ನನಗೆ ಬರುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು. ಚುಚ್ಚುವ ದನಿಯಿರಲಿಲ್ಲ, ದಾರಿ ತಪ್ಪಿದವರಿಗೆ ದಾರಿ ಹೇಳುವ ದನಿ ಅದು.

“ಅಕ್ಷರದಾಗ ಏನೂ ಇಲ್ರಿ. ಮೂಲ್ಯಾಗ ಬೆಂಚಿನ ಮ್ಯಾಲ ಒಬ್ಬಾಕಿ ಹುಡುಗಿ ನಿಂತಾಳಲ್ರಿ, ಎರಡೂ ಕೈ ಮ್ಯಾಲ ಮಾಡಕೊಂಡು. ಅಕೀನ್ನ ಮುಟ್ಟಿದ್ರ ಕೆಳಗ ಇಳೀತಾಳ. ಅಷ್ಟ, ಬಾಗಲಾ ತಗೀತೈತಿ. ಎಲ್ಲಾರೂ ಮೊದಲ ಅಕೀನ್ನ ಮುಟ್ಟತಾರ. ನೀವು ನೋಡಲಿಲ್ಲೇನು?”

ಕಣ್ಣು ಮಂಜು, ಟ್ಯಾಬ್ ಚಿಕ್ಕದು, ಕಾಣಲಿಲ್ಲ ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು.

“ನೋಡಿದ್ದೆ,” ಎಂದೆ. “ಹನ್ನೊಂದು ದಿನಾನೂ ನೋಡೇನಿ. ಅಕಿ ಅಲ್ಲೇ ನಿಂದರಬೇಕಾದಾಕಿ ಅಂತ ತಿಳದಿದ್ದೆ.”